ಕಾಮಾಲೆಯ ಮೂಲವನ್ನು ಅರಸಿ

“ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ” ಎಂಬುದು ಕನ್ನಡದ ಹಳೆಯ ಗಾದೆ. ತನ್ನ ದೋಷವನ್ನು ಅರಿಯದೆ ಅನ್ಯರಲ್ಲಿ ದೋಷವನ್ನೆಣಿಸುವವನನ್ನು ಕುರಿತು ಹಿರಿಯರು ಈ ಮಾತನ್ನು ಆಡುತ್ತ ಬಂದಿದ್ದಾರೆ. ಗಾದೆಯ ನೀತಿ ಸತ್ಯವಾದದ್ದು. ಆದರೆ ಅದರಲ್ಲಿರುವ ವೈದ್ಯ ಅಷ್ಟು ಸರಿಯಾದುದಲ್ಲ. ಕಾಮಾಲೆ ಹಿಡಿದವನ ಕಣ್ಣಿಗೆ ಲೋಕವು ಸಾಮಾನ್ಯವಾಗಿ ಹಳದಿಯಾಗಿ ಕಾಣುವುದಿಲ್ಲ; ಲೋಕದ ಕಣ್ಣಿಗೆ ಅವನೇ ಹಳದಿಯಾಗಿ ಕಾಣುತ್ತಾನೆ. ಮೊದಲು ಕಣ್ಣಿನ ಬಿಳಿಭಾಗ, ಅನಂತರ ಚರ್ಮ ಅರಿಸಿನ ಬಳಿದಂತೆ ಬಣ್ಣಗೆಡುತ್ತವೆ. ಹಸಿವು ಅಡಗುತ್ತದೆ, ಓಕರಿಕೆ ಬರುತ್ತದೆ, ಮೂತ್ರದ ಬಣ್ಣ ಗಾಢವಾಗುತ್ತದೆ, ಮೈಯಲ್ಲಿ ತ್ರಾಣವಿಲ್ಲದಂತಾಗುತ್ತದೆ. ಈ ಹಳದಿ ಎಲ್ಲಿಂದ ಬಂತು? ಅದನ್ನು ತಂದವರು ಯಾರು? ಈ ಎರಡು ಪ್ರಶ್ನೆಗಳು ಸಾವಿರಾರು ವರ್ಷಗಳಿಂದ ವೈದ್ಯರನ್ನು ಕಾಡಿವೆ. ಮೊದಲನೆಯದಕ್ಕೆ ಉತ್ತರ ಬೇಗ ದೊರೆಯಿತು. ಎರಡನೆಯದಕ್ಕೆ ಪೂರ್ಣವಾದ ಉತ್ತರ ದೊರೆಯಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು.

ಮನುಷ್ಯನ ದೇಹದ ಒಳಗಿರುವ ಅಂಗಗಳಲ್ಲೆಲ್ಲ ಅತ್ಯಂತ ದೊಡ್ಡದು ಯಕೃತ್ತು. ಇದನ್ನು ಪಿತ್ತಜನಕಾಂಗವೆಂದೂ ಆಡುಮಾತಿನಲ್ಲಿ ಈಲಿಯೆಂದೂ ಕರೆಯುತ್ತಾರೆ. ಹೊಟ್ಟೆಯ ಮೇಲ್ಭಾಗದಲ್ಲಿ, ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ಇದು ನೆಲೆಸಿದೆ. ವಯಸ್ಕನಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಹೃದಯದಂತೆ ಇದು ಮಿಡಿಯುವುದಿಲ್ಲ, ಶ್ವಾಸಕೋಶದಂತೆ ಏರಿಳಿಯುವುದಿಲ್ಲ. ಆದುದರಿಂದ ಇದು ಇರುವುದೇ ಸಾಮಾನ್ಯ ಜನರ ಅರಿವಿಗೆ ಬರುವುದಿಲ್ಲ. ಆದರೆ ಹಗಲೂ ಇರುಳೂ ಇದರ ಕೆಲಸಕ್ಕೆ ಬಿಡುವಿಲ್ಲ. ಕರುಳಿನಲ್ಲಿ ಜೀರ್ಣವಾದ ಆಹಾರದ ಸಾರವನ್ನು ಹೊತ್ತ ರಕ್ತ ಮೊದಲು ಬರುವುದು ಇಲ್ಲಿಗೆ. ಹೆಚ್ಚಾದ ಸಕ್ಕರೆಯನ್ನು ಇದು ಕೂಡಿಡುತ್ತದೆ. ಕೊರತೆಯಾದಾಗ ತೆಗೆದು ಕೊಡುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳನ್ನು ತಯಾರಿಸುತ್ತದೆ. ದೇಹಕ್ಕೆ ಬೇಡವಾದ ವಿಷವಸ್ತುಗಳನ್ನು ನಿರಪಾಯಕಾರಿಗಳನ್ನಾಗಿ ಮಾರ್ಪಡಿಸುತ್ತದೆ. ಕೊಬ್ಬು ಜೀರ್ಣವಾಗಲು ನೆರವಾಗುವ ಪಿತ್ತರಸವನ್ನು ಸ್ರವಿಸುತ್ತದೆ. ಒಂದೇ ಮನೆಯಲ್ಲಿ ಕಣಜವೂ ಅಡುಗೆಮನೆಯೂ ಬಚ್ಚಲೂ ಔಷಧಶಾಲೆಯೂ ಸೇರಿದಂತಿದೆ ಈ ಅಂಗ.

ಹಳದಿಯ ರಹಸ್ಯ ಈ ಪಿತ್ತರಸದಲ್ಲಿಯೇ ಅಡಗಿದೆ. ರಕ್ತದಲ್ಲಿರುವ ಕೆಂಪುಕಣಗಳ ಆಯುಸ್ಸು ಸುಮಾರು 120 ದಿನಗಳು. ಮುಪ್ಪಾದ ಕಣಗಳು ಒಡೆದಾಗ ಅವುಗಳಲ್ಲಿದ್ದ ಕೆಂಪು ದ್ರವ್ಯದಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ರಕ್ತದಿಂದ ಹೆಕ್ಕಿ ತೆಗೆದು ಪಿತ್ತರಸದೊಡನೆ ಕರುಳಿಗೆ ಸಾಗಿಸುತ್ತದೆ. ಯಕೃತ್ತಿನ ಕೋಶಗಳು ಬೇನೆಗೆ ಸಿಕ್ಕಿ ನರಳಿದಾಗ, ಇಲ್ಲವೆ ಪಿತ್ತನಾಳದಲ್ಲಿ ಕಲ್ಲು ಮುಂತಾದ ಅಡ್ಡಿ ಉಂಟಾದಾಗ, ಈ ಸಾಗಣೆ ಕೆಡುತ್ತದೆ. ಹಳದಿ ವಸ್ತು ರಕ್ತದಲ್ಲಿಯೇ ಉಳಿದು ಮೈಯೆಲ್ಲ ಹರಡುತ್ತದೆ. ಆದುದರಿಂದ ಕಾಮಾಲೆಯು ಒಂದು ರೋಗವಲ್ಲ. ಅದು ರೋಗದ ಚಿಹ್ನೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಹಳದಿಯನ್ನು ಕಂಡು ಒಳಗಿನ ಕೇಡನ್ನು ವೈದ್ಯರು ಊಹಿಸುತ್ತಾರೆ. ಆ ಕೇಡುಗಳಲ್ಲಿ ಬಹಳ ಮುಖ್ಯವಾದುದು ಯಕೃತ್ತಿನ ಉರಿಯೂತ. ಇದನ್ನೇ ಹೆಪಟೈಟಿಸ್ ಎನ್ನುತ್ತಾರೆ.

ಈ ಉರಿಯೂತ ಒಬ್ಬರಿಂದೊಬ್ಬರಿಗೆ ಹರಡಬಲ್ಲದು ಎಂಬ ಸಂಶಯ ಹಿಂದಿನಿಂದಲೂ ಇತ್ತು. ಸೈನ್ಯಗಳು ಬೀಡುಬಿಟ್ಟ ಕಡೆಗಳಲ್ಲಿ ನೂರಾರು ಮಂದಿಗೆ ಒಮ್ಮೆಗೇ ಕಾಮಾಲೆ ಬರುತ್ತಿತ್ತು. ಆದರೆ 1883ರಲ್ಲಿ ಜರ್ಮನಿಯ ಬ್ರೆಮೆನ್ ನಗರದಲ್ಲಿ ನಡೆದ ಘಟನೆ ಬೇರೊಂದು ಬಗೆಯದು. ಅಲ್ಲಿನ ಹಡಗುಕಟ್ಟೆಯ 1,289 ಮಂದಿ ಕೆಲಸಗಾರರಿಗೆ ಸಿಡುಬಿನ ವಿರುದ್ಧ ದೇವಿ ಹಾಕಲಾಯಿತು. ಅದಕ್ಕೆ ಬಳಸಿದ ದ್ರವವನ್ನು ಮನುಷ್ಯರ ದೇಹದಿಂದಲೇ ತೆಗೆಯಲಾಗಿತ್ತು. ಕೆಲವು ವಾರಗಳ ತರುವಾಯ ಮೊದಲ್ಗೊಂಡು, ಅವರಲ್ಲಿ 191 ಮಂದಿಗೆ ಕಾಮಾಲೆ ಬಂತು. ದೇವಿ ಹಾಕಿಸಿಕೊಳ್ಳದಿದ್ದ ಕೆಲಸಗಾರರಿಗೆ ಏನೂ ಆಗಲಿಲ್ಲ. 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅಮೆರಿಕದ ಸೈನಿಕರಿಗೆ ಹಳದಿಜ್ವರದ ಲಸಿಕೆಯನ್ನು ಚುಚ್ಚಿದಾಗಲೂ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. ಆ ಲಸಿಕೆಯಲ್ಲಿ ಮಾನವ ರಕ್ತಸಾರ ಬೆರೆತಿತ್ತು. ಸುಮಾರು 50,000 ಸೈನಿಕರು ಕಾಮಾಲೆಯಿಂದ ಮಲಗಿದರು. ಇವೆಲ್ಲವನ್ನೂ ತೂಗಿನೋಡಿ ಬ್ರಿಟನ್ನಿನ ವೈದ್ಯ ಮೆಕ್ಯಾಲಂ 1947ರಲ್ಲಿ ಎರಡು ಹೆಸರುಗಳನ್ನು ಸೂಚಿಸಿದನು. ಕೊಳೆತ ನೀರು, ಆಹಾರಗಳಿಂದ ಬರುವುದು ‘ಎ’ ಬಗೆ. ರಕ್ತದಿಂದ ಬರುವುದು ‘ಬಿ’ ಬಗೆ. ಶತ್ರುಗಳಿಗೆ ಹೆಸರಿಟ್ಟಾಯಿತು, ಆದರೆ ಅವರ ಮುಖವನ್ನು ಯಾರೂ ಕಂಡಿರಲಿಲ್ಲ.

ನೀರಿನ ಮೂಲಕ ಬರುವ ಕಾಮಾಲೆ ಎಷ್ಟು ಭೀಕರವಾಗಬಲ್ಲದು ಎಂಬುದನ್ನು ಭಾರತವು 1955ರ ಕೊನೆಯಲ್ಲಿ ಕಂಡಿತು. ಆ ವರ್ಷದ ನೆರೆ ಇಳಿದ ಮೇಲೆ ದೆಹಲಿಯಲ್ಲಿ ಯಮುನಾ ನದಿ ತನ್ನ ಪಾತ್ರವನ್ನು ಬದಲಿಸಿತು. ನಜಾಫ್‌ಗಢದ ಚರಂಡಿಯ ಹೊಲಸು ಹಿಮ್ಮುಖವಾಗಿ ಹರಿದು, ವಜೀರಾಬಾದಿನಲ್ಲಿ ನಗರಕ್ಕೆ ಕುಡಿಯುವ ನೀರನ್ನು ಎತ್ತುವ ಸ್ಥಳವನ್ನು ಸೇರಿತು. ಅಲ್ಲಿನ ಅಧಿಕಾರಿಗಳು ನೀರಿಗೆ ಹೆಚ್ಚು ಕ್ಲೋರಿನ್ ಬೆರೆಸಿದರು. ಅದರಿಂದ ವಿಷಮಶೀತಜ್ವರ, ಆಮಶಂಕೆಗಳು ಹೆಚ್ಚಲಿಲ್ಲ. ಆದರೆ ಐದಾರು ವಾರಗಳು ಕಳೆಯುವುದರೊಳಗೆ ಮನೆಮನೆಯಲ್ಲಿಯೂ ಕಾಮಾಲೆ ಕಾಣಿಸಿಕೊಂಡಿತು. ಸುಮಾರು 29,000ಕ್ಕೂ ಹೆಚ್ಚು ಜನ ಪೀಡಿತರಾದರೆಂದು ಅಂದಾಜು. ಗರ್ಭಿಣಿಯರಲ್ಲಿ ರೋಗ ಅತಿ ಉಗ್ರವಾಗಿತ್ತು.

ಇದು ‘ಎ’ ಬಗೆಯದೇ ಇರಬೇಕೆಂದು ಆಗ ಎಲ್ಲರೂ ತಿಳಿದರು. ‘ಎ’ ವೈರಸ್ಸನ್ನು 1973ರಲ್ಲಿ ಅಮೆರಿಕದ ಫೈನ್‌ಸ್ಟೋನ್, ಕಪಿಕಿಯನ್ ಮತ್ತು ಪರ್ಸೆಲ್ ಎಂಬ ಮೂವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಮೊದಲ ಬಾರಿಗೆ ಕಂಡುಹಿಡಿದರು. ಅದನ್ನು ಗುರುತಿಸುವ ರಕ್ತಪರೀಕ್ಷೆ ಬಂದ ಬಳಿಕ, ದೆಹಲಿಯ ರೋಗಿಗಳಿಂದ ತೆಗೆದು ಜೋಪಾನವಾಗಿ ಇರಿಸಿದ್ದ ರಕ್ತಸಾರವನ್ನು ಪರೀಕ್ಷಿಸಲಾಯಿತು. ಆಗ ಅಚ್ಚರಿಯ ಸಂಗತಿ ಹೊರಬಿತ್ತು: ದೆಹಲಿಯ ಕಾಮಾಲೆ ‘ಎ’ ಬಗೆಯದಾಗಿರಲಿಲ್ಲ. 1978ರಲ್ಲಿ ಕಾಶ್ಮೀರದಲ್ಲಿ ಹಬ್ಬಿದ ಕಾಮಾಲೆಯನ್ನು ಅಧ್ಯಯನ ಮಾಡಿದ ಡಾಕ್ಟರ್ ಮಹಮ್ಮದ್ ಸುಲ್ತಾನ್ ಖುರೂ ಅವರೂ 1980ರಲ್ಲಿ ಇದೇ ತೀರ್ಮಾನಕ್ಕೆ ಬಂದರು. ಹಾಗಾದರೆ ಇದನ್ನು ತಂದ ಜೀವಿ ಯಾವುದು? ಉತ್ತರವನ್ನು ಹುಡುಕಲು ಸೋವಿಯತ್ ದೇಶದ ವಿಜ್ಞಾನಿ ಮಿಖಾಯಿಲ್ ಬಲಯಾನ್ ತನ್ನ ದೇಹವನ್ನೇ ಒಡ್ಡಿದನು. ಕಾಮಾಲೆ ಪೀಡಿತರಾದ ಸೈನಿಕರ ಮಲದಿಂದ ಸಿದ್ಧಪಡಿಸಿದ ದ್ರವವನ್ನು ತಾನೇ ನುಂಗಿದನು. ಅವನಿಗೆ ಹಿಂದೊಮ್ಮೆ ‘ಎ’ ಬಗೆಯ ಸೋಂಕು ತಗುಲಿದ್ದರಿಂದ ಅದು ಮತ್ತೆ ತಗುಲುವಂತಿರಲಿಲ್ಲ. ಆದರೂ ಕೆಲವು ವಾರಗಳಲ್ಲಿ ಅವನು ಕಾಮಾಲೆಯಿಂದ ಮಲಗಿದನು. ಅವನ ಮಲದಲ್ಲಿ ಹೊಸ ವೈರಸ್ಸಿನ ಕಣಗಳು ಕಂಡವು. 1983ರಲ್ಲಿ ಈ ವರದಿ ಪ್ರಕಟವಾಯಿತು. ಇಂದು ಅದನ್ನು ‘ಇ’ ಬಗೆಯೆಂದು ಕರೆಯುತ್ತಾರೆ. ಬಲಯಾನ್ ಚೇತರಿಸಿಕೊಂಡನು, ಆದರೆ ಅವನು ಹಿಡಿದ ದಾರಿ ಅಪಾಯದ್ದು, ಅನುಕರಣೀಯವಲ್ಲ.

ರಕ್ತದ ಮೂಲಕ ಬರುವ ‘ಬಿ’ ಬಗೆಯ ಕಥೆ ಇದಕ್ಕಿಂತಲೂ ವಿಸ್ಮಯಕರವಾದುದು. ಏಕೆಂದರೆ ಅದನ್ನು ಕಂಡುಹಿಡಿದವನು ಅದನ್ನು ಹುಡುಕುತ್ತಲೇ ಇರಲಿಲ್ಲ. 1925ರ ಜುಲೈ 28ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದ ಬರೂಚ್ ಬ್ಲಂಬರ್ಗ್ ವೈದ್ಯನಾಗಿದ್ದರೂ ಅವನ ಆಸಕ್ತಿಯಿದ್ದುದು ಅನುವಂಶೀಯತೆಯಲ್ಲಿ. ಒಂದೇ ರೋಗ ಕೆಲವರಿಗೆ ಏಕೆ ಬರುತ್ತದೆ, ಮತ್ತೆ ಕೆಲವರಿಗೆ ಏಕೆ ಬರುವುದಿಲ್ಲ ಎಂಬುದು ಅವನನ್ನು ಕಾಡಿದ ಪ್ರಶ್ನೆ. ಲೋಕದ ನಾನಾ ಜನಾಂಗಗಳ ರಕ್ತದ ಮಾದರಿಗಳನ್ನು ಅವನು ಸಂಗ್ರಹಿಸಿದ್ದನು. ಕುಸುಮರೋಗಿಗಳಿಗೆ ಮತ್ತೆ ಮತ್ತೆ ಪರರ ರಕ್ತ ಕೊಡಬೇಕಾಗುವುದರಿಂದ ಅವರ ರಕ್ತದಲ್ಲಿ ಬಗೆಬಗೆಯ ಪ್ರತಿಕಾಯಗಳು ಇರುತ್ತವೆ. 1963ರಲ್ಲಿ ಅಂಥ ಒಬ್ಬ ರೋಗಿಯ ರಕ್ತಸಾರವನ್ನು ಹಲವು ಮಾದರಿಗಳೊಡನೆ ಎದುರಿಟ್ಟಾಗ, ಆಸ್ಟ್ರೇಲಿಯದ ಒಬ್ಬ ಮೂಲನಿವಾಸಿಯ ರಕ್ತಸಾರದೊಡನೆ ಮಾತ್ರ ಅದು ವಿಚಿತ್ರವಾಗಿ ಪ್ರತಿಕ್ರಿಯೆ ತೋರಿತು. ಎರಡರ ನಡುವೆ ತೆಳುವಾದ ಒಂದು ಗೆರೆ ಮೂಡಿತು. ಆ ಗೆರೆಯನ್ನು ಮೂಡಿಸಿದ ವಸ್ತುವಿಗೆ ಬ್ಲಂಬರ್ಗ್ ಮತ್ತು ಅವನ ಜೊತೆ ದುಡಿದ ಹಾರ್ವೆ ಆಲ್ಟರ್ ‘ಆಸ್ಟ್ರೇಲಿಯ ಪ್ರತಿಜನಕ’ ಎಂದು ಹೆಸರಿಟ್ಟರು.

ಅದು ಏನೆಂಬುದು ಮಾತ್ರ ಹಲವು ವರ್ಷಗಳವರೆಗೆ ತಿಳಿಯಲಿಲ್ಲ. ಅದು ಹುಟ್ಟಿನಿಂದ ಬಂದ ಲಕ್ಷಣವಿರಬಹುದೆಂದು ಬ್ಲಂಬರ್ಗ್ ಮೊದಲು ಭಾವಿಸಿದನು. ಆದರೆ ಮೊದಲ ಪರೀಕ್ಷೆಯಲ್ಲಿ ಆ ಪ್ರತಿಜನಕವಿಲ್ಲದಿದ್ದ ಒಬ್ಬ ರೋಗಿಯಲ್ಲಿ ಎರಡನೆಯ ಪರೀಕ್ಷೆಯ ವೇಳೆಗೆ ಅದು ಕಾಣಿಸಿಕೊಂಡಿತು; ಆ ನಡುವೆ ಅವನಿಗೆ ಯಕೃತ್ತಿನ ಉರಿಯೂತ ಬಂದಿತ್ತು. ಸ್ವಲ್ಪ ಕಾಲದ ಮೇಲೆ ಪ್ರಯೋಗಾಲಯದ ಸಹಾಯಕಿಯೊಬ್ಬರಿಗೂ ಆರೋಗ್ಯ ಕೆಟ್ಟಿತು. ಅವರು ತಮ್ಮ ರಕ್ತವನ್ನು ತಾವೇ ಪರೀಕ್ಷಿಸಿಕೊಂಡಾಗ ಅದೇ ಗೆರೆ ಮೂಡಿತು. ಹುಟ್ಟಿನಿಂದ ಬಂದ ಲಕ್ಷಣ ನಡುವೆ ಬಂದು ಸೇರುವುದಿಲ್ಲ. ಆದುದರಿಂದ ಇದು ಸೋಂಕಿನ ಗುರುತೆಂಬುದು ಸ್ಪಷ್ಟವಾಯಿತು. ತಾನು ಮೊದಲು ನಂಬಿದ್ದನ್ನು ಸಾಕ್ಷ್ಯದ ಮುಂದೆ ಕೈಬಿಡಲು ಬ್ಲಂಬರ್ಗ್ ಹಿಂಜರಿಯಲಿಲ್ಲ. ಆಸ್ಟ್ರೇಲಿಯ ಪ್ರತಿಜನಕವು ‘ಬಿ’ ವೈರಸ್ಸಿನ ಹೊರಕವಚದ ಅಂಶವೆಂದು ಸಿದ್ಧವಾಯಿತು. 1970ರ ದಶಕದಲ್ಲಿ ರಕ್ತನಿಧಿಗಳಲ್ಲಿ ದಾನಿಗಳ ರಕ್ತವನ್ನು ಇದಕ್ಕಾಗಿ ಪರೀಕ್ಷಿಸುವ ಕ್ರಮ ಜಾರಿಗೆ ಬಂತು. 1976ರಲ್ಲಿ ಬ್ಲಂಬರ್ಗನಿಗೆ ನೊಬೆಲ್ ಪಾರಿತೋಷಕ ಸಂದಿತು.

ಗುರುತು ದೊರೆತ ಮೇಲೆ ಗುರಾಣಿಯೂ ಸಾಧ್ಯವಾಯಿತು. ಸೋಂಕಿತರ ರಕ್ತದಲ್ಲಿ ವೈರಸ್ಸಿನ ಬರಿಯ ಕವಚಗಳು ಅಪಾರ ಸಂಖ್ಯೆಯಲ್ಲಿ ತೇಲುತ್ತಿರುತ್ತವೆ. ಅವುಗಳನ್ನು ಬೇರ್ಪಡಿಸಿ ಶುದ್ಧಗೊಳಿಸಿ ಲಸಿಕೆಯನ್ನು ತಯಾರಿಸಬಹುದೆಂದು ಬ್ಲಂಬರ್ಗ್ ಮತ್ತು ಅವನ ಸಹೋದ್ಯೋಗಿ ಇರ್ವಿಂಗ್ ಮಿಲ್‌ಮನ್ ತೋರಿಸಿದರು. ಆದರೆ ಲಸಿಕೆ ತಯಾರಾದ ಮಾತ್ರಕ್ಕೆ ಅದು ರಕ್ಷಿಸುತ್ತದೆಂದು ಹೇಳುವಂತಿಲ್ಲ. ಅದನ್ನು ಪರೀಕ್ಷೆಯ ಒರೆಗಲ್ಲಿಗೆ ಹಚ್ಚಬೇಕು. ನ್ಯೂಯಾರ್ಕಿನಲ್ಲಿ ವುಲ್ಫ್ ಶ್ಮೂನೆಸ್ ಎಂಬ ವೈದ್ಯ ಸಾವಿರಕ್ಕೂ ಹೆಚ್ಚು ಮಂದಿ ಸ್ವಯಂಸೇವಕರನ್ನು ಕೂಡಿಸಿದನು. ಅರ್ಧದಷ್ಟು ಜನರಿಗೆ ಲಸಿಕೆ, ಉಳಿದವರಿಗೆ ಔಷಧಗುಣವಿಲ್ಲದ ದ್ರವ. ಯಾರಿಗೆ ಯಾವುದು ಎಂಬುದು ಚುಚ್ಚಿಸಿಕೊಂಡವರಿಗೂ ತಿಳಿಯದು, ಚುಚ್ಚಿದವರಿಗೂ ತಿಳಿಯದು. ಸಂಕೇತ ಸಂಖ್ಯೆಗಳಲ್ಲಿ ಅದನ್ನು ಗೋಪ್ಯವಾಗಿಡಲಾಗಿತ್ತು. 1980ರಲ್ಲಿ ಲೆಕ್ಕ ತೆಗೆದಾಗ, ಲಸಿಕೆ ಪಡೆದವರಲ್ಲಿ ರೋಗ ಶೇಕಡ 90ಕ್ಕಿಂತಲೂ ಹೆಚ್ಚು ಕಡಿಮೆಯಾಗಿತ್ತು. ಮರುವರ್ಷ ಅಮೆರಿಕದಲ್ಲಿ ಲಸಿಕೆಗೆ ಮನ್ನಣೆ ದೊರೆಯಿತು. 1986ರಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯಿಂದ ಕವಚದ ದ್ರವ್ಯವನ್ನು ತಯಾರಿಸುವ ವಿಧಾನ ಬಂದು, ಮಾನವ ರಕ್ತವನ್ನು ಆಶ್ರಯಿಸುವ ಅಗತ್ಯವೂ ತಪ್ಪಿತು. ಭಾರತದಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ 1997ರಲ್ಲಿ ಈ ಲಸಿಕೆಯನ್ನು ತಯಾರಿಸಿ ಕಡಮೆ ಬೆಲೆಗೆ ಒದಗಿಸಿತು.

ಈ ಬಗೆಯ ಪರೀಕ್ಷೆ ಏಕೆ ಬೇಕು ಎಂಬ ಪ್ರಶ್ನೆ ಏಳಬಹುದು. ಕರ್ನಾಟಕದ ಹಳ್ಳಿಗಳಲ್ಲಿ ಕಾಮಾಲೆಗೆ ನೆಲನೆಲ್ಲಿಯ ಗಿಡವನ್ನು ಅರೆದು ಹಾಲು ಇಲ್ಲವೆ ಮಜ್ಜಿಗೆಯಲ್ಲಿ ಕೊಡುವ ರೂಢಿ ಬಹು ಹಿಂದಿನದು. ಕುಡಿದ ಅನೇಕರಿಗೆ ಗುಣವಾಗುವುದೂ ನಿಜ. ಆದರೆ ‘ಎ’ ಬಗೆಯ ಉರಿಯೂತ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಹೀಗಿರುವಾಗ ಗುಣಪಡಿಸಿದ್ದು ಗಿಡವೋ ಕಾಲವೋ? ಮದ್ದು ಕುಡಿದವರನ್ನೂ ಕುಡಿಯದವರನ್ನೂ ಹೋಲಿಸದೆ ಇದನ್ನು ತಿಳಿಯುವ ಉಪಾಯವಿಲ್ಲ. ಮದರಾಸಿನ ಸಂಶೋಧಕ ತ್ಯಾಗರಾಜನ್ ಮತ್ತು ಸಂಗಡಿಗರು, ಬ್ಲಂಬರ್ಗನ ಸಹಯೋಗದೊಡನೆ, ನೆಲನೆಲ್ಲಿಯ ಮೇಲೆ ಇಂಥ ಹೋಲಿಕೆಯನ್ನು ನಡೆಸಿದರು. ‘ಬಿ’ ವೈರಸ್ಸನ್ನು ಬಹುಕಾಲದಿಂದ ಹೊತ್ತವರಲ್ಲಿ ಗಿಡದ ಪುಡಿಯನ್ನು ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಪ್ರತಿಜನಕ ಮಾಯವಾಯಿತೆಂದು 1988ರಲ್ಲಿ ಅವರು ಪ್ರಕಟಿಸಿದರು. ಲೋಕವೆಲ್ಲ ಆಸೆಯಿಂದ ಕಿವಿ ನಿಮಿರಿಸಿತು. ಆದರೆ ಬೇರೆ ದೇಶಗಳಲ್ಲಿ ಅನಂತರ ನಡೆದ ಪರೀಕ್ಷೆಗಳಲ್ಲಿ ಅಂಥ ಫಲ ದೊರೆಯಲಿಲ್ಲ. ನೊಬೆಲ್ ಪುರಸ್ಕೃತನ ಹೆಸರು ಜೊತೆಗಿದ್ದರೂ, ಮರುಪರೀಕ್ಷೆಯಲ್ಲಿ ನಿಲ್ಲದುದನ್ನು ವಿಜ್ಞಾನ ಒಪ್ಪಲಿಲ್ಲ. ಇದು ನಾಟಿ ಮದ್ದಿನ ಅವಹೇಳನವಲ್ಲ. ಹೊಸ ಮದ್ದಿಗೂ ಹಳೆಯ ಮದ್ದಿಗೂ ವಿಜ್ಞಾನ ಹಿಡಿಯುವ ತಕ್ಕಡಿ ಒಂದೇ.

‘ಬಿ’ ಬಗೆಯ ಸೋಂಕಿನ ಕೇಡು ಕಾಮಾಲೆಯಲ್ಲಿ ಮುಗಿಯುವುದಿಲ್ಲ. ವಯಸ್ಕರಿಗೆ ತಗುಲಿದರೆ ಬಹುಪಾಲು ಮಂದಿ ಅದನ್ನು ಜಯಿಸುತ್ತಾರೆ. ಹೆರಿಗೆಯ ವೇಳೆಯಲ್ಲಿ ತಾಯಿಯಿಂದ ಕೂಸಿಗೆ ತಗುಲಿದರೆ ಮಾತ್ರ, ನೂರು ಕೂಸುಗಳಲ್ಲಿ ಸುಮಾರು ತೊಂಬತ್ತರ ದೇಹದಲ್ಲಿ ಅದು ಬಹುಕಾಲ ನೆಲೆಯೂರುತ್ತದೆ. ಹೊರಗೆ ಯಾವ ಚಿಹ್ನೆಯೂ ಇಲ್ಲದೆ ಹತ್ತಾರು ವರ್ಷಗಳು ಕಳೆಯುತ್ತವೆ. ಒಳಗೆ ಯಕೃತ್ತು ಗಾಯಗೊಂಡು, ಮಾಯ್ದು, ಮತ್ತೆ ಗಾಯಗೊಂಡು ಕಲೆಗಟ್ಟಿ ಗಡುಸಾಗುತ್ತದೆ. ಈ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ಅತಿಯಾದ ಮದ್ಯಪಾನದಿಂದಲೂ ಇದೇ ಗತಿ ಒದಗುತ್ತದೆ. ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗುತ್ತದೆ. ತೈವಾನಿನಲ್ಲಿ ಪಾಮರ್ ಬೀಸ್ಲಿ ಮತ್ತು ಸಂಗಡಿಗರು 22,707 ಮಂದಿ ಗಂಡಸರನ್ನು ವರ್ಷಗಟ್ಟಲೆ ಗಮನಿಸಿ, ‘ಬಿ’ ವೈರಸ್ಸನ್ನು ಹೊತ್ತವರಿಗೆ ಯಕೃತ್ತಿನ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಇನ್ನೂರು ಪಟ್ಟಿಗೂ ಮಿಗಿಲೆಂದು 1981ರಲ್ಲಿ ಸಾರಿದರು. ತೈವಾನ್ ಸರಕಾರ ತಡಮಾಡಲಿಲ್ಲ. 1984ರಲ್ಲಿ ಸೋಂಕಿತ ತಾಯಂದಿರ ಕೂಸುಗಳಿಗೂ, 1986ರಿಂದ ಎಲ್ಲ ನವಜಾತ ಶಿಶುಗಳಿಗೂ ಲಸಿಕೆ ಹಾಕಿಸಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಮೊದಲು ಲಕ್ಷಕ್ಕೆ 0.70ರಂತೆ ಕಾಣುತ್ತಿತ್ತು, 1990ರಿಂದ 1994ರ ಅವಧಿಯಲ್ಲಿ ಅದು 0.36ಕ್ಕೆ ಇಳಿಯಿತು. ಒಂದು ಲಸಿಕೆ ಕ್ಯಾನ್ಸರನ್ನು ತಡೆಯಬಲ್ಲದೆಂದು ಮಾನವಕುಲ ಕಂಡದ್ದು ಅದೇ ಮೊದಲು.

‘ಎ’ ಮತ್ತು ‘ಬಿ’ಗಳು ಪತ್ತೆಯಾದ ಮೇಲೆ, ರಕ್ತ ಪಡೆದವರು ಇನ್ನು ನಿಶ್ಚಿಂತರೆಂದು ವೈದ್ಯರು ಆಶಿಸಿದ್ದರು. ಆ ಆಸೆ ಹುಸಿಯಾಯಿತು. ಹಾರ್ವೆ ಆಲ್ಟರ್ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ಶಸ್ತ್ರಚಿಕಿತ್ಸೆಗಾಗಿ ರಕ್ತ ಪಡೆದ ರೋಗಿಗಳನ್ನು ವರ್ಷಾನುಗಟ್ಟಲೆ ಗಮನಿಸುತ್ತಿದ್ದನು. ‘ಬಿ’ ಸೋಂಕಿನ ರಕ್ತವನ್ನು ಹೊರಗಿಟ್ಟರೂ ಅವರಲ್ಲಿ ಹಲವರಿಗೆ ಯಕೃತ್ತಿನ ಉರಿಯೂತ ಬರುತ್ತಲೇ ಇತ್ತು. ಅದು ‘ಎ’ ಬಗೆಯದೂ ಆಗಿರಲಿಲ್ಲ. 1975ರಲ್ಲಿ ಇದಕ್ಕೆ ‘ಎ ಅಲ್ಲದ, ಬಿ ಅಲ್ಲದ’ ಉರಿಯೂತವೆಂದು ಹೆಸರಾಯಿತು. ಇಂಥದ್ದಲ್ಲ ಎಂದಷ್ಟೇ ಹೇಳುವ ಹೆಸರು ಅಜ್ಞಾನದ ಒಪ್ಪಿಗೆಯೇ ಸರಿ. ಆದರೆ ಅಜ್ಞಾನವನ್ನು ಒಪ್ಪಿಕೊಳ್ಳುವುದು ಜ್ಞಾನದ ಮೊದಲ ಮೆಟ್ಟಿಲು. ಆಲ್ಟರ್ ಆ ರೋಗಿಗಳ ರಕ್ತಸಾರವನ್ನು ಹಿಮಪೆಟ್ಟಿಗೆಯಲ್ಲಿ ಕಾಪಾಡಿದನು.

ಈ ಅಜ್ಞಾತ ವೈರಸ್ಸು ಸೂಕ್ಷ್ಮದರ್ಶಕಕ್ಕೆ ಸಿಕ್ಕಲಿಲ್ಲ, ಪ್ರಯೋಗಾಲಯದಲ್ಲಿ ಬೆಳೆಯಲಿಲ್ಲ. ಮೈಕೆಲ್ ಹೌಟನ್ ಎಂಬ ಬ್ರಿಟಿಷ್ ವಿಜ್ಞಾನಿ, ಕ್ವಿ-ಲಿಮ್ ಚೂ ಮತ್ತು ಜಾರ್ಜ್ ಕುವೊ ಎಂಬ ಸಹೋದ್ಯೋಗಿಗಳೊಡನೆ ಅಮೆರಿಕದಲ್ಲಿ ಹೊಸ ದಾರಿ ಹಿಡಿದನು. ಸೋಂಕು ತಗುಲಿದ ಚಿಂಪಾಂಜಿಯ ರಕ್ತದಿಂದ ಆನುವಂಶಿಕ ದ್ರವ್ಯದ ತುಣುಕುಗಳನ್ನು ತೆಗೆದು ಬ್ಯಾಕ್ಟೀರಿಯಗಳಲ್ಲಿ ಸೇರಿಸಲಾಯಿತು. ಅವುಗಳಲ್ಲಿ ವೈರಸ್ಸಿನ ತುಣುಕು ಯಾವುದೆಂದು ತಿಳಿಯಲು, ರೋಗದಿಂದ ನರಳಿದವನ ರಕ್ತಸಾರದ ಪ್ರತಿಕಾಯಗಳನ್ನೇ ಬೇಹುಗಾರರನ್ನಾಗಿ ಬಿಡಲಾಯಿತು. ಸುಮಾರು ಹತ್ತು ಲಕ್ಷ ತುಣುಕುಗಳನ್ನು ಜಾಲಿಸಿದ ಮೇಲೆ ಒಂದೇ ಒಂದು ಸಿಕ್ಕಿತು. ಹುಲ್ಲಿನ ಮೆದೆಯಲ್ಲಿ ಕಳೆದ ಮೂಗುತಿಯನ್ನು ಹುಡುಕಿದಂತಹ ಕೆಲಸವದು. ಅದರಿಂದ ರೂಪಿಸಿದ ಪರೀಕ್ಷೆಗೆ ಆಲ್ಟರ್ ತಾನು ಕಾಪಾಡಿದ್ದ ಮಾದರಿಗಳನ್ನು, ಯಾವುದು ಯಾರದೆಂದು ತಿಳಿಸದೆ ಸಂಕೇತಗಳಲ್ಲಿ ಕಳುಹಿಸಿದನು. ಹೊಸ ಪರೀಕ್ಷೆ ಸೋಂಕಿತ ರಕ್ತವನ್ನು ಸರಿಯಾಗಿ ಗುರುತಿಸಿತು. 1989ರಲ್ಲಿ ‘ಸಿ’ ವೈರಸ್ಸು ಲೋಕಕ್ಕೆ ಪ್ರಕಟವಾಯಿತು. ಇದೊಂದೇ ವೈರಸ್ಸು ರೋಗವನ್ನು ಉಂಟುಮಾಡಬಲ್ಲದೆಂದು ಚಾರ್ಲ್ಸ್ ರೈಸ್ 1997ರಲ್ಲಿ ಪ್ರಮಾಣೀಕರಿಸಿದನು. ಆಲ್ಟರ್, ಹೌಟನ್, ರೈಸ್ ಮೂವರಿಗೂ 2020ರ ನೊಬೆಲ್ ಪಾರಿತೋಷಕ ದೊರೆಯಿತು. ಇದಕ್ಕೆ ಮೊದಲು, 2013ರಲ್ಲಿ, ಕೆನಡದ ಪ್ರತಿಷ್ಠಿತ ಪ್ರಶಸ್ತಿಯೊಂದು ಹೌಟನ್‌ಗೆ ಬಂದಾಗ, ಚೂ ಮತ್ತು ಕುವೊ ಅವರಿಗೆ ಅದರಲ್ಲಿ ಪಾಲಿಲ್ಲವೆಂಬ ಕಾರಣದಿಂದ ಅವನು ಅದನ್ನು ಸ್ವೀಕರಿಸಲಿಲ್ಲ ಎಂಬುದು ಸ್ಮರಣೀಯ.

‘ಸಿ’ ಬಗೆಯ ಸೋಂಕಿಗೆ ಈಜಿಪ್ಟ್ ದೇಶ ತೆತ್ತ ಬೆಲೆ ಬಹಳ ದೊಡ್ಡದು. ನೈಲ್ ನದಿಯ ಕಾಲುವೆಗಳ ನೀರಿನಿಂದ ಹರಡುವ ಬಸವನಹುಳುವಿನ ಜ್ವರವೆಂಬ ಪರೋಪಜೀವಿ ರೋಗವನ್ನು ನೀಗಲು, 1950ರ ದಶಕದಿಂದ 1980ರ ದಶಕದವರೆಗೆ ಅಲ್ಲಿ ಹಳ್ಳಿಹಳ್ಳಿಗಳಲ್ಲಿ ಔಷಧವನ್ನು ಚುಚ್ಚಲಾಯಿತು. ಸರಿಯಾಗಿ ಶುದ್ಧಿಮಾಡದ ಸೂಜಿಗಳನ್ನು ಒಬ್ಬರಿಂದೊಬ್ಬರಿಗೆ ಬಳಸಿದ್ದರಿಂದ ಕಣ್ಣಿಗೆ ಕಾಣದ ‘ಸಿ’ ವೈರಸ್ಸು ಲಕ್ಷಾಂತರ ಜನರ ರಕ್ತವನ್ನು ಸೇರಿತು. ಒಂದು ರೋಗವನ್ನು ಅಟ್ಟುವ ಸದುದ್ದೇಶದ ಕಾರ್ಯವೇ ಇನ್ನೊಂದನ್ನು ಮನೆಗೆ ಕರೆತಂದಿತು. ಸದುದ್ದೇಶವೊಂದೇ ಸಾಲದು, ಅದರೊಡನೆ ಎಚ್ಚರವೂ ಇರಬೇಕು.

‘ಸಿ’ ಬಗೆಗೆ ಇನ್ನೂ ಲಸಿಕೆಯಿಲ್ಲ. ಹಿಂದೆ ಇದ್ದ ಚಿಕಿತ್ಸೆಯೆಂದರೆ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು. ಅದನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗಿತ್ತು. ಜ್ವರ, ಬಳಲಿಕೆ, ಮನಸ್ಸಿನ ಖಿನ್ನತೆಗಳಿಂದ ರೋಗಿಗಳು ಹಣ್ಣಾಗುತ್ತಿದ್ದರು. ಆದರೂ ಅನೇಕರಿಗೆ ಗುಣವಾಗುತ್ತಿರಲಿಲ್ಲ. ವೈರಸ್ಸು ತನ್ನಂಥವೇ ಪ್ರತಿಗಳನ್ನು ಮಾಡಿಕೊಳ್ಳುವ ಬಗೆಯನ್ನು ಅರಿತ ವಿಜ್ಞಾನಿಗಳು, ಆ ಕ್ರಿಯೆಯನ್ನೇ ತಡೆಯುವ ಔಷಧಗಳನ್ನು ರೂಪಿಸಿದರು. ಅವುಗಳಲ್ಲಿ ಪ್ರಮುಖವಾದ ಸೊಫೊಸ್ಬುವಿರ್ 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅಂಗೀಕೃತವಾಯಿತು. ಇಂದು ಇಂಥ ಔಷಧಗಳನ್ನು ಜೊತೆಗೂಡಿಸಿ ಸಾಮಾನ್ಯವಾಗಿ ಹನ್ನೆರಡು ವಾರ ನುಂಗಿದರೆ ನೂರಕ್ಕೆ ತೊಂಬತ್ತೈದು ಮಂದಿಗೆ ಸೋಂಕು ಪೂರ್ತಿಯಾಗಿ ನೀಗುತ್ತದೆ.

ಆದರೆ ಮದ್ದಿದ್ದರೆ ಸಾಲದು, ಅದು ಬಡವನ ಕೈಗೆಟುಕಬೇಕು. ಮೊದಲಿಗೆ ಅಮೆರಿಕದಲ್ಲಿ ಆ ಹನ್ನೆರಡು ವಾರಗಳ ಸೊಫೊಸ್ಬುವಿರ್ ಗುಳಿಗೆಗಳಿಗೆ 84,000 ಡಾಲರು ಬೆಲೆಯಿತ್ತು. ಒಂದು ಗುಳಿಗೆಗೆ ಸಾವಿರ ಡಾಲರು! 2014ರಲ್ಲಿ ಭಾರತದ ಔಷಧ ತಯಾರಕರಿಗೆ ಪರವಾನಗಿ ದೊರೆತ ಬಳಿಕ, ಅದರ ಒಂದು ಅಲ್ಪ ಭಾಗದಷ್ಟು ಬೆಲೆಗೆ ಅದು ಇಲ್ಲಿ ತಯಾರಾಯಿತು. ಈಜಿಪ್ಟ್ ತನ್ನ ದೇಶದಲ್ಲಿಯೂ ಅಗ್ಗವಾಗಿ ಔಷಧವನ್ನು ತಯಾರಿಸಿ, 2018ರ ಅಕ್ಟೋಬರಿನಿಂದ ಏಳು ತಿಂಗಳಲ್ಲಿ ಸುಮಾರು ಐದು ಕೋಟಿ ಜನರ ರಕ್ತವನ್ನು ಪರೀಕ್ಷಿಸಿತು. ಸೋಂಕಿತರಿಗೆ ಉಚಿತವಾಗಿ ಚಿಕಿತ್ಸೆ ಕೊಟ್ಟಿತು. ‘ಸಿ’ ಬಗೆಯ ನಿರ್ಮೂಲನದ ಹಾದಿಯಲ್ಲಿ ಅದು ಸಾಧಿಸಿದ ಮುನ್ನಡೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮನ್ನಿಸಿತು. ಎಡವಿ ಬಿದ್ದ ದೇಶವೇ ಎದ್ದು ನಿಂತು ಇತರರಿಗೆ ದಾರಿ ತೋರಿತು.

ಹೋರಾಟ ಇನ್ನೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಲೋಕದಲ್ಲಿ 25 ಕೋಟಿ 40 ಲಕ್ಷ ಮಂದಿ ‘ಬಿ’ ವೈರಸ್ಸನ್ನೂ 5 ಕೋಟಿ ಮಂದಿ ‘ಸಿ’ ವೈರಸ್ಸನ್ನೂ ಹೊತ್ತಿದ್ದರು. ಆ ವರ್ಷ ಸುಮಾರು 13 ಲಕ್ಷ ಜನ ಈ ರೋಗಗಳಿಂದ ಮಡಿದರು. ತಮ್ಮಲ್ಲಿ ಸೋಂಕಿರುವುದೇ ಬಹುಪಾಲು ಮಂದಿಗೆ ತಿಳಿದಿಲ್ಲ. ಭಾರತದಲ್ಲಿ 2002ರ ವೇಳೆಗೆ ಕೆಲವೆಡೆ ಆರಂಭವಾದ ಶಿಶುಗಳ ‘ಬಿ’ ಲಸಿಕೆ 2011ರ ಹೊತ್ತಿಗೆ ದೇಶಕ್ಕೆಲ್ಲ ವಿಸ್ತರಿಸಿತು. ಕೂಸು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮೊದಲ ಚುಚ್ಚುಮದ್ದು ಬೀಳಬೇಕು. 2018ರ ಜುಲೈ 28ರಂದು ಕೇಂದ್ರ ಸರಕಾರ ವೈರಸ್ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ, ಪರೀಕ್ಷೆ ಮತ್ತು ಔಷಧಗಳನ್ನು ಉಚಿತವಾಗಿ ಒದಗಿಸುವ ಏರ್ಪಾಡು ಮಾಡಿತು. ಆ ದಿನ ವಿಶ್ವ ಹೆಪಟೈಟಿಸ್ ದಿನ. ಅದು ಬ್ಲಂಬರ್ಗನ ಹುಟ್ಟುಹಬ್ಬವೂ ಹೌದು.

ಈ ಶತ್ರುಗಳಿಂದ ಪಾರಾಗುವ ಬಗೆ ಕಷ್ಟದ್ದೇನಲ್ಲ. ಕುದಿಸಿ ಆರಿಸಿದ ನೀರು, ಶೌಚದ ಬಳಿಕ ಮತ್ತು ಊಟಕ್ಕೆ ಮೊದಲು ತೊಳೆದ ಕೈ, ಮುಚ್ಚಿಟ್ಟ ಆಹಾರ—ಇವು ‘ಎ’ ಮತ್ತು ‘ಇ’ಗಳಿಗೆ ತಡೆ. ಲಸಿಕೆ, ಪರೀಕ್ಷಿಸಿದ ರಕ್ತ, ಒಮ್ಮೆ ಮಾತ್ರ ಬಳಸುವ ಸೂಜಿ, ಒಬ್ಬರಿಗೊಂದೇ ಕ್ಷೌರದ ಅಲಗು—ಇವು ‘ಬಿ’ಗೆ ತಡೆ. ‘ಸಿ’ಗೆ ಲಸಿಕೆಯಿಲ್ಲವಾದುದರಿಂದ ಉಳಿದ ಎಚ್ಚರಿಕೆಗಳು ಇನ್ನಷ್ಟು ಅವಶ್ಯ. ಹಚ್ಚೆ ಹಾಕಿಸಿಕೊಳ್ಳುವಾಗಲೂ ಕಿವಿ ಚುಚ್ಚಿಸುವಾಗಲೂ ಸೂಜಿ ಹೊಸದೇ ಎಂದು ನೋಡಬೇಕು. ಇವುಗಳ ಜೊತೆಗೆ ಇನ್ನೊಂದು ಎಚ್ಚರವೂ ಅಗತ್ಯ. ‘ಬಿ’ ಮತ್ತು ‘ಸಿ’ಗಳು ಜೊತೆಯಲ್ಲಿ ಕುಳಿತು ಉಂಡುದರಿಂದಾಗಲಿ, ಕೈ ಕುಲುಕಿದ್ದರಿಂದಾಗಲಿ, ಒಂದೇ ಬೆಂಚಿನಲ್ಲಿ ಕುಳಿತುದರಿಂದಾಗಲಿ ಹರಡುವುದಿಲ್ಲ. ಸೋಂಕಿತರನ್ನು ದೂರವಿಡುವುದರಿಂದ ರೋಗ ನಿಲ್ಲುವುದಿಲ್ಲ. ಅವರು ರೋಗವನ್ನು ಮುಚ್ಚಿಡುವಂತಾಗುತ್ತದೆ, ಅಷ್ಟೆ. ಮುಚ್ಚಿಟ್ಟ ರೋಗಕ್ಕೆ ಮದ್ದಿಲ್ಲ.

ಯಕೃತ್ತಿಗೆ ಪ್ರಕೃತಿಯು ಒಂದು ಅಪೂರ್ವ ಶಕ್ತಿಯನ್ನು ಕೊಟ್ಟಿದೆ. ಆರೋಗ್ಯವಾಗಿರುವ ಯಕೃತ್ತಿನ ಮೂರರಲ್ಲಿ ಎರಡು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗ ಬೆಳೆದು ಮತ್ತೆ ಹಿಂದಿನ ಗಾತ್ರವನ್ನು ತಲಪಬಲ್ಲದು. ಇಂತಹ ಸಹನಶೀಲ ಅಂಗವೂ ವರ್ಷಾನುಗಟ್ಟಲೆ ಮಾಯದ ಗಾಯಕ್ಕೆ ಸೋಲುತ್ತದೆ. ಅದು ಮೌನವಾಗಿ ದುಡಿಯುತ್ತದೆ, ಮೌನವಾಗಿಯೇ ನರಳುತ್ತದೆ. ಆ ಮೌನದ ನೋವನ್ನು ಹೊರಗಿನವರಿಗೆ ಕಾಣುವಂತೆ ಮಾಡಿದ್ದು ಗಾಜಿನ ಮೇಲೆ ಮೂಡಿದ ಒಂದು ತೆಳುವಾದ ಗೆರೆ. ಆ ಗೆರೆಯನ್ನು ಅಲ್ಲಗಳೆಯದೆ, ಅದರ ಅರ್ಥವೇನೆಂದು ಕೇಳಿದ ಕೆಲವರ ಕುತೂಹಲ.